ಪಾರ್ಟಿಜಾನ್ 1992ರಲ್ಲಿ ಗೆದ್ದಿದ್ದು ತವರಿನ ಬಲದಿಂದಲ್ಲ

ಸರ್ಬಿಯಾದ ಪಾರ್ಟಿಜಾನ್ ಬಾಸ್ಕೆಟ್‌ಬಾಲ್ ಕ್ಲಬ್ 1992ರಲ್ಲಿ ಯುರೋಪ್ ಚಾಂಪಿಯನ್ ಆಗಿದ್ದು ಬೆಲ್‌ಗ್ರೇಡ್ ಅಭಿಮಾನಿಗಳ ಅಬ್ಬರದಿಂದ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಆ ತಂಡಕ್ಕೆ ಅನ್ಯಾಯವನ್ನೂ ಮಾಡುವ ಮಾತಿದು.

ಆ ಸೀಸನ್‌ನಲ್ಲಿ, ಸರ್ಬಿಯಾ ಆಗ ಸೇರಿದ್ದ ಯುಗೊಸ್ಲಾವಿಯಾ ದೇಶ ಯುದ್ಧದಲ್ಲಿ ಒಡೆಯುತ್ತಿತ್ತು. ತಂಡದ ಊರು ಬೆಲ್‌ಗ್ರೇಡ್‌ನಲ್ಲಿ ಪಂದ್ಯ ಆಡಿಸುವುದು ಸುರಕ್ಷಿತವಲ್ಲ ಎಂದು ತೀರ್ಮಾನವಾಯಿತು. ಹಾಗಾಗಿ ತಂಡದ 'ತವರು' ಪಂದ್ಯಗಳು ನಡೆದದ್ದು ಸ್ಪೇನ್‌ನಲ್ಲಿ, ಮ್ಯಾಡ್ರಿಡ್ ಪಕ್ಕದ ಫುಯೆನ್‌ಲಾಬ್ರಾಡಾ ಊರಿನಲ್ಲಿ. ಅಲ್ಲಿನ ಜನ ಈ ಹುಡುಗರನ್ನು ತಮ್ಮವರೇ ಎಂಬಂತೆ ಬೆಂಬಲಿಸಿದರು. ಸ್ವಂತ ಊರಿನಲ್ಲಿ ಆಡಲು ಸಿಕ್ಕಿದ್ದು ಒಂದೇ ಪಂದ್ಯ, ಇಟಲಿಯ ಬೊಲೊನ್ಯಾ ತಂಡದ ವಿರುದ್ಧದ ಕ್ವಾರ್ಟರ್ ಫೈನಲ್.

ಕೋಚ್ ಝೆಲ್ಕೊ ಒಬ್ರಾಡೊವಿಚ್‌ಗೆ ಆಗ 32 ವರ್ಷ. ಹಿಂದಿನ ವರ್ಷದವರೆಗೂ ಅದೇ ತಂಡದ ಆಟಗಾರ! ಇಸ್ತಾಂಬುಲ್ ಫೈನಲ್‌ನಲ್ಲಿ ಎದುರಾಳಿ ಸ್ಪೇನ್‌ನ ಜುವೆಂಟುಟ್ ತಂಡ. ಕೊನೆಯ ಸೆಕೆಂಡುಗಳಲ್ಲಿ ಪಾರ್ಟಿಜಾನ್ 68-70ರಿಂದ ಹಿಂದೆ. ಪಾರ್ಟಿಜಾನ್ ಆಟಗಾರ ಸಾಶಾ ಜೋರ್ಜೆವಿಚ್ ಚೆಂಡು ಹಿಡಿದು ಅಂಕಣದ ಉದ್ದಕ್ಕೂ ಓಡಿದರು, ಬಲಗಡೆಯಿಂದ ಎಗರಿ ಎಸೆದರು. ಮೂರು ಅಂಕ, 71-70. ಈಗ ನೋಡಿದರೂ ಮೈ ಜುಂ ಎನ್ನುತ್ತದೆ.

ಇನ್ನೊಂದು ಗೊಂದಲ: ಬೆಲ್‌ಗ್ರೇಡ್‌ನದೇ ಇನ್ನೊಂದು ಕ್ಲಬ್ ರೆಡ್ ಸ್ಟಾರ್ ಕೂಡ ಈ ಕಪ್ ಗೆದ್ದಿದೆ ಅಂತಾರಲ್ವಾ? ಇಲ್ಲ. 1991ರಲ್ಲಿ ಯುರೋಪ್ ಗೆದ್ದದ್ದು ಅದರ ಫುಟ್‌ಬಾಲ್ ತಂಡ. ಅದರ ಬಾಸ್ಕೆಟ್‌ಬಾಲ್ ತಂಡ 1974ರಲ್ಲಿ ಗೆದ್ದದ್ದು ಕಪ್ ವಿನ್ನರ್ಸ್ ಕಪ್, ಅದು ಬೇರೆಯೇ ಟೂರ್ನಿ.

ಮರುವರ್ಷ ಯುಗೊಸ್ಲಾವಿಯಾ ಮೇಲಿನ ವಿಶ್ವಸಂಸ್ಥೆಯ ನಿರ್ಬಂಧದಿಂದಾಗಿ ಪಾರ್ಟಿಜಾನ್‌ಗೆ ಪಟ್ಟ ಉಳಿಸಿಕೊಳ್ಳಲು ಆಡುವ ಅವಕಾಶವೇ ಸಿಗಲಿಲ್ಲ. ಒಬ್ರಾಡೊವಿಚ್ ಸ್ಪೇನ್‌ಗೆ ಹೋದರು. 1994ರಲ್ಲಿ ಅದೇ ಜುವೆಂಟುಟ್‌ಗೆ ಕಪ್ ಗೆದ್ದುಕೊಟ್ಟರು.