ಒಬ್ಬ ರವಿ, 16 ವಿಳಾಸ

ನಿಮ್ಮ ಹೆಸರು ರವಿ ಅಂತ ಇಟ್ಟುಕೊಳ್ಳೋಣ. ಇಮೇಲ್ ಕಾನೂನಿನ ಪ್ರಕಾರ ನೀವು ಒಬ್ಬರಲ್ಲ, 16 ಜನ. ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ. ಪ್ರತಿಯೊಂದೂ ಕ್ಯಾಪಿಟಲ್ ಇರಬಹುದು, ಸ್ಮಾಲ್ ಇರಬಹುದು. ಲೆಕ್ಕ ಹಾಕಿ ನೋಡಿ.

ತಮಾಷೆಯಲ್ಲ. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ಕಡತಗಳಿಗೆ ಆರ್‌ಎಫ್‌ಸಿ ಎಂದು ಹೆಸರು. 1982ರಲ್ಲಿ ಇಂಟರ್ನೆಟ್ ಕಟ್ಟಿದವರಲ್ಲೊಬ್ಬರಾದ ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 821ರಿಂದಲೂ ಇದೇ ಕಥೆ. 2008ರ ಆರ್‌ಎಫ್‌ಸಿ 5321 ಖಡಕ್ಕಾಗಿ ಹೇಳುತ್ತದೆ: ಆಟ್ (@) ಗುರುತಿನ ಆಚೆಗಿರುವ, gmail.com ಥರದ ಡೊಮೇನ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಈಚೆಗಿರುವ ಹೆಸರಿಗೆ ಇದೆ, ಇರಲೇಬೇಕು. ಆ 'ಬೇಕು' ಅನ್ನುವುದನ್ನೂ ಕ್ಯಾಪಿಟಲ್‌ನಲ್ಲೇ ಬರೆದಿದ್ದಾರೆ. ಕ್ಯಾಪಿಟಲ್‌ನಲ್ಲಿದ್ದರೆ ಅಪ್ಪಣೆ, ಸ್ಮಾಲ್‌ನಲ್ಲಿದ್ದರೆ ಬರೀ ಮಾತು ಎಂದು ಬಿಡಿಸಿ ಹೇಳಲು 2017ರಲ್ಲಿ ಇನ್ನೊಂದು ಆರ್‌ಎಫ್‌ಸಿಯೇ ಬೇಕಾಯಿತು. ಅಕ್ಷರದ ಗಾತ್ರದ ಮೇಲೆ ಇವರಿಗೆ ಅಷ್ಟು ಭಕ್ತಿ.

ಆದರೆ ಅಲ್ಲೇ ಮುಂದಕ್ಕೆ ಓದಿ. ಕೆಲವು ಕಡೆ ದೊಡ್ಡ ಸ್ಮಿತ್ ಬೇರೆ, ಚಿಕ್ಕ ಸ್ಮಿತ್ ಬೇರೆಯಂತೆ. ಆದರೂ ಈ ಭೇದವನ್ನು ಬಳಸಿಕೊಳ್ಳುವುದು ಒಳ್ಳೆಯದಲ್ಲವಂತೆ, ತೊಡಕಾಗುತ್ತದಂತೆ. ಹಕ್ಕು ನಿಮ್ಮದೇ, ಚಲಾಯಿಸಬೇಡಿ! ಬರೆದವರು ನಮ್ಮ ಯಾವುದೋ ತಾಲ್ಲೂಕು ಕಚೇರಿಯಲ್ಲಿ ಪಳಗಿರಬೇಕು. ದೂರು ಹೇಳಲೆಂದು ಇರುವ 'ಪೋಸ್ಟ್‌ಮಾಸ್ಟರ್' ವಿಳಾಸಕ್ಕೆ ಮಾತ್ರ ರಿಯಾಯಿತಿ. ಅದನ್ನು ಹೇಗೆ ಬರೆದರೂ ಮುಟ್ಟಬೇಕು. ಸಾಹೇಬರಲ್ವಾ!

ದಾರಿಯಲ್ಲಿ ಸಿಗುವ ಸರ್ವರ್‌ಗಳು ಒಂದಕ್ಷರವನ್ನೂ ಹಿಗ್ಗಿಸದೆ, ಕುಗ್ಗಿಸದೆ ಹೆಸರನ್ನು ಭಯಭಕ್ತಿಯಿಂದ ಹೊತ್ತು ತರಬೇಕು. ತಂದು ಒಪ್ಪಿಸಿದ ಮೇಲೆ? ಕೊನೆಯ ಸರ್ವರ್ ಸಾಮಾನ್ಯವಾಗಿ ಎಲ್ಲ ರವಿಗಳನ್ನೂ ಒಂದೇ ಡಬ್ಬಿಗೆ ಸುರಿಯುತ್ತದೆ. ಜಿಮೇಲ್ ಅಂತೂ ಹೆಸರಿನ ನಡುವಿನ ಚುಕ್ಕಿಯನ್ನೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅದು ತಪ್ಪೂ ಅಲ್ಲ ಬಿಡಿ. ಯಾವ ಹೆಸರು ಯಾರದು ಎಂದು ಹೇಳುವ ಅಧಿಕಾರ ಆ ಕೊನೆಯವರಿಗೇ ಸೇರಿದ್ದು.

ಹಾಗಾದರೆ ಕಾನೂನನ್ನು ಅಕ್ಷರಶಃ ಪಾಲಿಸುವವರು ಯಾರೂ ಇಲ್ಲವೇ? ಇದ್ದಾರೆ, ಕೆಲವು ವೆಬ್‌ಸೈಟ್‌ಗಳ ಲಾಗಿನ್ ಪುಟದಲ್ಲಿ. ನೋಂದಣಿಯ ದಿನ ಫೋನಿನ ಕೀಬೋರ್ಡ್ ಸುಮ್ನೆ ತಾನಾಗಿ ಮೊದಲಕ್ಷರವನ್ನು ಕ್ಯಾಪಿಟಲ್ ಮಾಡಿರುತ್ತದೆ. ಮುಂದಿನ ಸಲ ಸ್ಮಾಲ್‌ನಲ್ಲಿ ಹಾಕಿದರೆ 'ಇಂಥ ಖಾತೆಯೇ ಇಲ್ಲ'. ಸರಿ, ಹೊಸ ಖಾತೆ ತೆರೆಯುತ್ತೀರಿ. ದುಡ್ಡು ಕಟ್ಟಿದ್ದು ಹೊಸ ರವಿ, ಬಾಕಿ ಉಳಿಸಿಕೊಂಡಿದ್ದು ಹಳೆಯ ರವಿ. ಇಬ್ಬರ ಇಮೇಲೂ ಒಂದೇ ಇನ್‌ಬಾಕ್ಸಿಗೆ ಬಂದು ಬೀಳುತ್ತದೆ. ಮೇಲೊಂದು ರಸೀದಿ, ಕೆಳಗೊಂದು ನೋಟಿಸು.

ಕನ್ನಡಕ್ಕೆ ಈ ತಲೆನೋವಿಲ್ಲ. ನಮ್ಮಲ್ಲಿ ಕ್ಯಾಪಿಟಲ್ 'ಕ' ಎಲ್ಲಿದೆ? ಕನ್ನಡ ಲಿಪಿಯಲ್ಲೇ ಇಮೇಲ್ ವಿಳಾಸ ಇಟ್ಟುಕೊಳ್ಳಲು 2012ರ ಆರ್‌ಎಫ್‌ಸಿ 6531 ದಾರಿ ಮಾಡಿಕೊಟ್ಟಿದೆ. ಬೇಕಾದರೆ ಒಂದು ಮಾಡಿಸಿಕೊಂಡು ಬ್ಯಾಂಕಿಗೆ ಹೋಗಿ. ಅರ್ಜಿಯಲ್ಲಿ ಅಕ್ಷರಕ್ಕೊಂದು ಚೌಕ ಇರುತ್ತದಲ್ಲ, ಅದರಲ್ಲಿ ಮುದ್ದಾಗಿ ತುಂಬಿ ಕೊಡಿ. ಕೌಂಟರಿನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳುತ್ತಾರೆ:

"ಸರ್, ಇದನ್ನ ಕ್ಯಾಪಿಟಲ್‌ನಲ್ಲಿ ಬರ್ಕೊಡಿ."