ಬ್ಯಾಕ್‌ಗ್ರೌಂಡ್ ಕಳೆದ್ರಾ?

ನಿನ್ನೆ ರಾತ್ರಿ 3 ಗಂಟೆಗೆ ಫೋನು ಬಡ್ಕೊಂಡಿತು. ಈ ವಾರ ಅಲರ್ಟ್ ಡ್ಯೂಟಿ ನನ್ನದು. ಆಕಾಶದಲ್ಲಿ ಎಲ್ಲೋ ಗಾಮಾ ಕಿರಣ ಸಿಡಿದರೆ ಫರ್ಮಿ ಉಪಗ್ರಹದಿಂದ ಮೆಸೇಜ್ ಬರುತ್ತದೆ, ನಾನು ಎದ್ದು ನೋಡಬೇಕು. ಕನ್ನಡಕ ಸಿಗಲಿಲ್ಲ. ಲ್ಯಾಪ್‌ಟಾಪ್ ಅಪ್‌ಡೇಟ್ ಆಗುತ್ತಾ ಕೂತಿತ್ತು. ಕೊನೆಗೂ ಗ್ರಾಫ್ ತೆರೆದರೆ ಏನಿತ್ತು ಹೇಳಿ? ಸೂರ್ಯ! ಬರೀ ಸೌರಜ್ವಾಲೆ. ನಾನಿಲ್ಲಿ ಕತ್ತಲಲ್ಲಿ ಕನ್ನಡಕ ತಡಕಾಡುತ್ತಿದ್ದೆ, ಫರ್ಮಿ ದೂರದರ್ಶಕಕ್ಕೆ ಅಲ್ಲಿ ಬಿಸಿಲು. ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುವವರಿಗೆ ಹಗಲೇನು, ರಾತ್ರಿಯೇನು.

ಸುಮ್ನೆ ಮಲಗೋಣ ಅನ್ನುವಷ್ಟರಲ್ಲಿ ಇನ್ನೊಂದು ಬಂತು. ಈ ಸಲ ಅಸಲಿ ಸ್ಫೋಟ. ಎಲ್ಲಿ ಅಂತ ಮಾತ್ರ ಕೇಳಬೇಡಿ. ಫರ್ಮಿಯ ಬರ್ಸ್ಟ್ ಮಾನಿಟರ್‌ನಲ್ಲಿ 14 ಡಿಟೆಕ್ಟರ್‌ಗಳಿವೆ. ಯಾವುದಕ್ಕೆ ಜಾಸ್ತಿ ಬಡಿಯಿತು ಅಂತ ನೋಡಿ ದಿಕ್ಕು ಅಂದಾಜು ಮಾಡಬೇಕು. ಆ ಅಂದಾಜು ಎಷ್ಟೋ ಸಲ ಹಲವು ಡಿಗ್ರಿ ಆಚೀಚೆ. ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ. ಮನೆ ವಿಳಾಸ ಕೇಳಿದರೆ ಜಿಲ್ಲೆ ಹೇಳಿದ ಹಾಗೆ.

ಗ್ರೂಪಿಗೆ ಗ್ರಾಫ್ ಹಾಕಿದೆ. ನಮ್ಮ ಸೀನಿಯರ್ ತಕ್ಷಣ ಹಾಜರ್. ಇವರು ಯಾವಾಗ ಮಲಗುತ್ತಾರೋ ದೇವರಿಗೇ ಗೊತ್ತು.

“ಬ್ಯಾಕ್‌ಗ್ರೌಂಡ್ ಕಳೆದ್ರಾ?”

ಸ್ಫೋಟ ಇಲ್ಲದಾಗಲೂ ಡಿಟೆಕ್ಟರ್‌ಗೆ ಏನೇನೋ ಕಣ, ಕಿರಣ ಬಡಿಯುತ್ತಲೇ ಇರುತ್ತವೆ. ಅವನ್ನು ಕಳೆದು ಉಳಿದದ್ದೇ ನಮ್ಮ ಸರಕು. ಗೊತ್ತು ಸ್ವಾಮಿ! ಆದರೆ ಇವರಿಗೆ ಎಲ್ಲದರಲ್ಲೂ ಅದೇ ಕಳೆಯುವ ಲೆಕ್ಕ. ಸಂಬಳ ಹೆಚ್ಚಾಯ್ತು ಸರ್ ಅಂದರೆ, “ಖರ್ಚು ಎಷ್ಟು ಹೆಚ್ಚಾಯ್ತು? ಕಳೆದು ಹೇಳಿ.” ಎರಡು ಕೆಜಿ ಇಳಿದೆ ಅಂದರೆ, “ಹೋದ ಸಲ ಶೂ ಹಾಕ್ಕೊಂಡು ತೂಗಿದ್ರಾ?” ಒಮ್ಮೆ ಜ್ವರ 101 ಡಿಗ್ರಿ ಅಂತ ರಜೆ ಕೇಳಿದೆ. “ಮಾಮೂಲಿ 98.6 ಇದ್ದೇ ಇರುತ್ತೆ ಅಲ್ವಾ? ಕಳೆದರೆ ಬರೀ 2.4.” ರಜೆ ಸಿಗಲಿಲ್ಲ.

ಅವರು ಹೇಳುವುದು ಸರಿಯಾಗಿರುತ್ತದಲ್ಲ, ಅದಕ್ಕೇ ಜಾಸ್ತಿ ಸಿಟ್ಟು. ನಿದ್ದೆಗಣ್ಣಲ್ಲಿ ನಾನು ಬ್ಯಾಕ್‌ಗ್ರೌಂಡ್ ಗೆರೆಯನ್ನು ಓರೆಯಾಗಿ ಎಳೆದಿದ್ದೆ. 1.6 ಸೆಕೆಂಡಿನ ಸ್ಫೋಟ 2.3 ಆಗಿತ್ತು. 2 ಸೆಕೆಂಡಿನ ಒಳಗಿದ್ದರೆ ಸಾಮಾನ್ಯವಾಗಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದದ್ದು. ಮೀರಿದರೆ ಹೆಚ್ಚಾಗಿ ದೈತ್ಯ ನಕ್ಷತ್ರವೊಂದು ಕುಸಿದು ಸತ್ತದ್ದು. ಒಂದು ಓರೆ ಗೆರೆಯಿಂದ ಮದುವೆಮನೆಯನ್ನು ಸಾವಿನಮನೆ ಮಾಡಿದ್ದೆ.

ಹಳಬರ ಕಾಲವೇ ಚೆನ್ನಾಗಿತ್ತು. ಅಣುಬಾಂಬ್ ಪರೀಕ್ಷೆ ಪತ್ತೆಗೆ ಬಿಟ್ಟಿದ್ದ ವೇಲಾ ಉಪಗ್ರಹಗಳಿಗೆ ಮೊದಲ ಸ್ಫೋಟ ಸಿಕ್ಕಿದ್ದು 1967ರ ಜುಲೈ 2ರಂದು. ಲೋಕಕ್ಕೆ ಹೇಳಿದ್ದು 1973ರಲ್ಲಿ! ನನಗೆ ಹತ್ತು ನಿಮಿಷ ತಡವಾದರೆ ಮೂರು ಮಿಸ್ಡ್ ಕಾಲ್.

ತಿದ್ದಿ ಕಳಿಸುವಾಗ ಬೆಳಗಾಗಿತ್ತು. ಯಾಕೋ 2022ರ ಅಕ್ಟೋಬರ್ 9ರ ಸ್ಫೋಟ ನೆನಪಾಯಿತು. ದಾಖಲಾದ ಸ್ಫೋಟಗಳಲ್ಲೇ ಅತಿ ಪ್ರಖರ. ಸುಮಾರು 190 ಕೋಟಿ ವರ್ಷ ದಾರಿ ಸವೆಸಿ ಬಂದ ಬೆಳಕು. ಅದು ಹೊರಟಾಗ ಇಲ್ಲಿ ನೋಡಲು ಒಂದು ಕಣ್ಣೂ ಇರಲಿಲ್ಲ. ಅದಕ್ಕೆ ನಾವಿಟ್ಟ ಹೆಸರು ಜಿಆರ್‌ಬಿ 221009ಎ. ಜಿಆರ್‌ಬಿ ಅಂದರೆ ಗಾಮಾ ರೇ ಬರ್ಸ್ಟ್, ಆಮೇಲೆ ತಾರೀಕು, ಪಕ್ಕಕ್ಕೊಂದು ಅಕ್ಷರ, ಮಾತ್ರೆಯ ಬ್ಯಾಚ್ ನಂಬರಿನ ಹಾಗೆ. ಪಾಪ, ಅಷ್ಟು ದೂರದಿಂದ ಬಂದಿತ್ತು.

ಸೀನಿಯರ್‌ಗೆ ಬರೆದೆ: “ಸರ್, ಎರಡೇ ಗಂಟೆ ನಿದ್ದೆ ಆಗಿದೆ. ತಡವಾಗಿ ಬರ್ತೀನಿ.”

ಇನ್ನೂ ಉತ್ತರ ಬಂದಿಲ್ಲ. ಕಳೆಯುತ್ತಿರಬೇಕು.