ಉಮಾಶ್ರೀಗೆ ‘ಹಾಸ್ಯನಟಿ’ ಅಂತ ಚೀಟಿ ಅಂಟಿಸಿದವರು ನಾವೇ

ಮೊನ್ನೆ ಸ್ನೇಹಿತರೊಬ್ಬರು, “‘ಗುಲಾಬಿ ಟಾಕೀಸ್’ ಬಂದಮೇಲೆ ತಾನೇ ಉಮಾಶ್ರೀ ದೊಡ್ಡ ನಟಿ ಅಂತ ಗೊತ್ತಾಗಿದ್ದು?” ಅಂದರು. ಆ ಮಾತು ನನಗೆ ಹಿಡಿಸಲಿಲ್ಲ. ನಾಟಕ ನೋಡುವವರಿಗೆ ಅದು ಎಂದೋ ಗೊತ್ತಿತ್ತು. ದೇವನೂರ ಮಹಾದೇವರ ‘ಒಡಲಾಳ’ ರಂಗಕ್ಕೆ ಬಂದಾಗ ಸಾಕವ್ವನಾಗಿ ನಿಂತವರು ಇದೇ ಉಮಾಶ್ರೀ. ಕಳೆದುಹೋದ ಒಂದು ಹುಂಜಕ್ಕಾಗಿ ಅಲೆಯುವ ಮುದುಕಿಯ ಪಾತ್ರ, ಅವರಿಗೋ ಆಗಿನ್ನೂ ಚಿಕ್ಕ ವಯಸ್ಸು. ಆ ನಾಟಕ ಕಂಡವರು ಇಂದಿಗೂ ಸಾಕವ್ವ ಅಂದರೆ ಉಮಾಶ್ರೀ ಅನ್ನುತ್ತಾರೆ.

ಸಿನಿಮಾದವರು ಮಾತ್ರ 1984ರ ‘ಅನುಭವ’ದಿಂದಾಚೆ ಬಹುಪಾಲು ನಗಿಸುವ ಕೆಲಸವನ್ನೇ ಕೊಟ್ಟರು. ಹಾಸ್ಯನಟ ಎನ್.ಎಸ್. ರಾವ್ ಜೊತೆಗಿನ ಜೋಡಿ, ಎರಡರ್ಥದ ಸಂಭಾಷಣೆ. ಅದರಲ್ಲಿ ಎಷ್ಟೋ ಕಳಪೆ, ಒಪ್ಪುತ್ತೇನೆ. ಕಳಪೆಯಾಗಿದ್ದು ಬರೆದ ಮಾತು, ಆಡಿದವರ ನಟನೆಯಲ್ಲ. ಎದುರಿನವರ ಮಾತು ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು, ಹುಬ್ಬು ಯಾವಾಗ ಏರಬೇಕು ಅನ್ನುವ ಆ ಲೆಕ್ಕ ಎಲ್ಲರಿಗೂ ದಕ್ಕುವಂಥದ್ದಲ್ಲ.

ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ ದುಡಿದಿದ್ದು ಅದೇ ಲೆಕ್ಕ. ವೈದೇಹಿಯವರ ಕತೆಯಿಂದ ಹುಟ್ಟಿದ ಚಿತ್ರ. ಕುಂದಾಪುರದ ಕಡೆಯ ಕುದುರಿನಲ್ಲಿ, ಅಂದರೆ ನೀರಿನ ನಡುವಿನ ನಡುಗಡ್ಡೆಯಲ್ಲಿ, ಮೀನುಗಾರರ ನಡುವೆ ಒಂಟಿಯಾಗಿ ಬದುಕುವ ಮುಸ್ಲಿಂ ಸೂಲಗಿತ್ತಿ ಗುಲಾಬಿ, ಸಿನಿಮಾ ಹುಚ್ಚಿ. ಟಾಕೀಸಿನ ಕತ್ತಲಲ್ಲಿ ಪರದೆಯ ಬೆಳಕು ಬಿದ್ದ ಆ ಮುಖವನ್ನೊಮ್ಮೆ ನೋಡಿ. ಗಂಡ ಬಿಟ್ಟಿದ್ದು, ಬಡತನ ಎಲ್ಲ ಮರೆತು ಮಗುವಿನಂತೆ ಕೂತಿರುತ್ತಾಳೆ. ಹೆರಿಗೆ ಮಾಡಿಸಿದ್ದಕ್ಕೆ ಟಿ.ವಿ. ಸಿಕ್ಕಿ, ಅಕ್ಕಪಕ್ಕದ ಹೆಂಗಸರೆಲ್ಲ ಮನೆಗೆ ಬರತೊಡಗಿದಾಗ ಅವಳ ಓಡಾಟಕ್ಕೇ ಒಂದು ಗತ್ತು ಬರುತ್ತದೆ. ಆಮೇಲೆ ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ ಮುಸ್ಲಿಮರ ಮೇಲೆ ಹುಟ್ಟಿದ ಅನುಮಾನ ಕುದುರಿಗೂ ನುಗ್ಗಿ ಅವಳನ್ನೇ ಅಲ್ಲಿಂದ ಎಬ್ಬಿಸಿದಾಗ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. 55ನೇ ರಾಷ್ಟ್ರ ಪ್ರಶಸ್ತಿಯಲ್ಲಿ ಶ್ರೇಷ್ಠ ನಟಿ ಗೌರವ ಉಮಾಶ್ರೀಗೇ ಬಂತು.

ನಡುವೆ ರಾಜಕೀಯ, ತೇರದಾಳದ ಶಾಸಕಿ, ಸಂಸ್ಕೃತಿ ಸಚಿವೆ. ಅದು ಬೇರೆಯದೇ ಬರಹ.

ನಮ್ಮಮ್ಮ ‘ಗುಲಾಬಿ ಟಾಕೀಸ್’ ನೋಡಿಲ್ಲ. ಆದರೆ ಉಮಾಶ್ರೀ ಪುಟ್ಟಕ್ಕನಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಶುರುವಾದಾಗಿನಿಂದ ಆ ಹೊತ್ತಿಗೆ ಅಡುಗೆಮನೆ ಕೆಲಸ ಮುಗಿಸಿ ಬಂದು ಕೂರುತ್ತಿದ್ದರು. ಗಂಡ ಕೈಬಿಟ್ಟರೂ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕ ಸೆರಗಿನಿಂದ ಮುಖ ಒರೆಸಿಕೊಂಡಾಗಲೆಲ್ಲ ಅಮ್ಮ, “ಪಾಪ, ಬೆಳಗ್ಗಿಂದ ಒಲೆ ಮುಂದೆ ನಿಂತಿದಾಳೆ ಕಣೋ” ಅನ್ನುತ್ತಿದ್ದರು.